ಓದುಗರ ಪ್ರಶ್ನೆ: ಡೆಬಿಯನ್ ಸಿಡ್ ಹಾಕಿಕೊಳ್ಳಲಾ?

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಸ್ಟೇಬಲ್ ಆವೃತ್ತಿ ಬಳಸುತ್ತಿದ್ದೇನೆ. ಒಂದು ದಿನವೂ ಕೈಕೊಟ್ಟಿಲ್ಲ. ಹಾಗಾಗಿ ಒಳಗೆ ಏನು ನಡೆಯುತ್ತದೆ ಅಂತ ನೋಡುವ ಸಂದರ್ಭವೇ ಬಂದಿಲ್ಲ. ಮುಂದೆ ಸಿಸ್ಟಮ್ ಅಡ್ಮಿನ್ ಆಗಬೇಕು ಅಂತ ಆಸೆ. ‘ಅನ್‌ಸ್ಟೇಬಲ್, ಅಂದರೆ ಸಿಡ್ ಹಾಕು, ತಾನಾಗಿಯೇ ಕಲೀತೀಯ’ ಅಂತ ಸೀನಿಯರ್ ಒಬ್ಬರು ಹೇಳಿದರು. ನನ್ನ ಹತ್ತಿರ ಇರುವುದು ಒಂದೇ ಲ್ಯಾಪ್‌ಟಾಪ್. ಹಾಕಲಾ?
– ಒಬ್ಬ ಪದವಿ ವಿದ್ಯಾರ್ಥಿ

ಉತ್ತರ: ಹಾಕಿ. ಆದರೆ ‘ತಾನಾಗಿಯೇ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಂಬತ್ತು ವರ್ಷದಿಂದ ನನ್ನ ಕೆಲಸದ ಕಂಪ್ಯೂಟರಿನಲ್ಲಿ ಸಿಡ್ ಇದೆ. ಮೊದಲ ವರ್ಷ ಅದರಿಂದ ನಾನು ಕಲಿತದ್ದು ಬಹಳ ಕಡಿಮೆ. ದಿನಾ ಸಂಜೆ ಅಪ್‌ಗ್ರೇಡ್ ಕಮಾಂಡ್ ಕೊಡುತ್ತಿದ್ದೆ, ‘ವೈ’ ಒತ್ತುತ್ತಿದ್ದೆ, ಎದ್ದು ಹೋಗುತ್ತಿದ್ದೆ. ಪರದೆ ಮೇಲೆ ಏನು ಬಂತು ಅಂತ ಓದುತ್ತಲೇ ಇರಲಿಲ್ಲ.

ಮೊದಲು ಹೆಸರಿನ ವಿಷಯ. ಡೆಬಿಯನ್ ತನ್ನ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಿತ್ರದ ಪಾತ್ರಗಳ ಹೆಸರಿಡುತ್ತದೆ. ಅದರಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗನೇ ಸಿಡ್. ಹೆಸರು ಕೇಳಿ ದಿನಾ ಕ್ರ್ಯಾಶ್ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಇಲ್ಲಿ ಅನ್‌ಸ್ಟೇಬಲ್ ಅಂದರೆ ಸದಾ ಬದಲಾಗುತ್ತಲೇ ಇರುವುದು, ಅಷ್ಟೆ. ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿದ ಸಾಫ್ಟ್‌ವೇರ್ ಕಟ್ಟು) ನೋಡಿಕೊಳ್ಳುವವರು ಹೊಸ ಆವೃತ್ತಿ ಕಳಿಸಿದರೆ ಅದು ಮೊದಲು ಸಿಡ್‌ಗೆ ಬರುತ್ತದೆ. ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಅಲ್ಲಿರುತ್ತದೆ. ಅಷ್ಟರಲ್ಲಿ ಗಂಭೀರ ದೋಷ ಕಾಣದಿದ್ದರೆ, ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳೂ ಸಿದ್ಧವಿದ್ದರೆ, ಮುಂದಿನ ಸ್ಟೇಬಲ್ ತಯಾರಾಗುವ ಟೆಸ್ಟಿಂಗ್‌ಗೆ ದಾಟುತ್ತದೆ. ಆ ಹತ್ತು ದಿನದಲ್ಲಿ ದೋಷ ಕಂಡುಹಿಡಿಯುವವರು ನಾವು, ಸಿಡ್ ಬಳಸುವವರು.

ಕಲಿಕೆಗೆ ಇದರಿಂದ ಏನು ಲಾಭ? ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಸ್ಟೇಬಲ್‌ನಿಂದ ಸ್ಟೇಬಲ್‌ಗೆ ಹೋದವರಿಗೆ ಎರಡು ವರ್ಷದ ಬದಲಾವಣೆ ಒಂದೇ ಮಧ್ಯಾಹ್ನ ಬಂದು ಬೀಳುತ್ತದೆ. ಆಮೇಲೆ ಸೌಂಡ್ ಬರಲಿಲ್ಲ ಅಂದರೆ ಯಾವುದನ್ನು ಅನುಮಾನಿಸುತ್ತೀರಿ? ಸಿಡ್‌ನಲ್ಲಿ ನಿನ್ನೆ ಹನ್ನೆರಡು ಪ್ಯಾಕೇಜ್ ಬದಲಾಗಿದ್ದವು, ಇವತ್ತು ಸೌಂಡ್ ಇಲ್ಲ. ಆ ಹನ್ನೆರಡರಲ್ಲಿ ಸೌಂಡಿಗೆ ಸಂಬಂಧಪಟ್ಟವು ಎರಡೋ ಮೂರೋ. ಅಲ್ಲಿಂದ ಹುಡುಕುತ್ತಾ ಹೋದರೆ ಯಾವ ತುಂಡು ಯಾವುದಕ್ಕೆ ಅಂಟಿಕೊಂಡಿದೆ ಅಂತ ಗೊತ್ತಾಗುತ್ತದೆ. ಹೊಸ ಸಾಫ್ಟ್‌ವೇರ್ ಬೇಗ ಸಿಗುತ್ತದೆ ಅನ್ನುವುದಕ್ಕಿಂತ ನನಗೆ ಇದೇ ದೊಡ್ಡದು. ಆದರೆ ನಿನ್ನೆ ಏನು ಬದಲಾಯಿತು ಅಂತ ನಿಮಗೆ ಗೊತ್ತಿರಬೇಕು, ಅಲ್ವಾ?

ನನಗೆ ಅದು ಗೊತ್ತಾದದ್ದು ಒಂದು ರಾತ್ರಿ. ಫುಲ್-ಅಪ್‌ಗ್ರೇಡ್ ಕೊಟ್ಟು ಎಂದಿನಂತೆ ‘ವೈ’ ಒತ್ತಿದೆ. ಮತ್ತೆ ಆನ್ ಮಾಡಿದರೆ ಡೆಸ್ಕ್‌ಟಾಪೇ ಇಲ್ಲ. ಕಪ್ಪು ಪರದೆ, ಮೂಲೆಯಲ್ಲಿ ‘ಲಾಗಿನ್’ ಅನ್ನುವ ಒಂದು ಪದ. ಕೈ ನಡುಗಿತು. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅಂತ ಪೆನ್‌ಡ್ರೈವ್ ಕೈಗೆತ್ತಿಕೊಂಡಿದ್ದೆ. ಆದರೂ ಒಮ್ಮೆ ಯೂಸರ್‌ನೇಮ್, ಪಾಸ್‌ವರ್ಡ್ ಹೊಡೆದು ನೋಡಿದೆ. ಒಳಗೆ ಬಿಟ್ಟಿತು! ಫೈಲುಗಳೆಲ್ಲ ಇದ್ದವು, ನೆಟ್‌ವರ್ಕ್ ಇತ್ತು. ಹೋಗಿದ್ದು ಚಿತ್ರ ತೋರಿಸುವ ಭಾಗ ಮಾತ್ರ. ಕರ್ನಲ್ (ಸಿಸ್ಟಮ್‌ನ ತಿರುಳು) ಬೇರೆ, ಲಾಗಿನ್ ಬೇರೆ, ಡೆಸ್ಕ್‌ಟಾಪ್ ಬೇರೆ ಅಂತ ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂ ಆಪ್ಟ್. ಅದು ತಾನು ಮಾಡಿದ್ದನ್ನೆಲ್ಲ ಹಿಸ್ಟರಿ ಲಾಗ್‌ನಲ್ಲಿ ಬರೆದಿಡುತ್ತದೆ. ಅದನ್ನು ತೆರೆದೆ. ‘ರಿಮೂವ್’ ಅನ್ನುವ ಸಾಲು ಪರದೆ ತುಂಬ ಇತ್ತು. ಒಂದು ಲೈಬ್ರರಿಗೆ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಹೊಸ ಆವೃತ್ತಿ ಬಂದಿತ್ತು. ಡೆಸ್ಕ್‌ಟಾಪಿನ ಪ್ಯಾಕೇಜ್‌ಗಳನ್ನು ಅದಕ್ಕೆ ತಕ್ಕಂತೆ ಇನ್ನೂ ಮತ್ತೆ ಕಟ್ಟಿರಲಿಲ್ಲ. ಎರಡೂ ಒಟ್ಟಿಗೆ ಇರಲು ಆಗದು ಅಂತ ಆಪ್ಟ್ ಡೆಸ್ಕ್‌ಟಾಪನ್ನು ತೆಗೆಯುತ್ತೇನೆ ಅಂದಿತ್ತು. ನಾನು ಹೂಂ ಅಂದಿದ್ದೆ. ಡೆಬಿಯನ್‌ನ ಸ್ನ್ಯಾಪ್‌ಶಾಟ್ ಆರ್ಕೈವ್‌ನಲ್ಲಿ ಹಳೆಯ ಆವೃತ್ತಿಗಳು ದಿನಾಂಕದ ಪ್ರಕಾರ ಸಿಗುತ್ತವೆ. ಅಲ್ಲಿಂದ ಹಿಂದಿನ ದಿನದ ಲೈಬ್ರರಿ ತಂದು ಹಾಕಿದೆ, ಅದು ಬದಲಾಗದಂತೆ ಹೋಲ್ಡ್ ಮಾಡಿದೆ, ಡೆಸ್ಕ್‌ಟಾಪ್ ಮತ್ತೆ ಇನ್‌ಸ್ಟಾಲ್ ಮಾಡಿದೆ. ಬೆಳಗಿನ ಜಾವ ಮೂರು ಗಂಟೆ ಆಗಿತ್ತು.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಾಂಕ, ಏನು ಕೆಟ್ಟಿತು, ಯಾಕೆ ಅಂತ ಅಂದುಕೊಂಡೆ, ನಿಜವಾದ ಕಾರಣ ಏನು. ಮೂರನೆಯದೂ ನಾಲ್ಕನೆಯದೂ ಬೇರೆ ಬೇರೆ ಆದ ದಿನಗಳನ್ನೇ ನಾನು ಮತ್ತೆ ಮತ್ತೆ ಓದುವುದು. 2024ರ ಮಾರ್ಚ್‌ನ ಪುಟಗಳು ತುಂಬಿಹೋಗಿವೆ. 32 ಬಿಟ್ ಸಿಸ್ಟಮ್‌ಗಳು 1970ರಿಂದ ಎಣಿಸುವ ಸೆಕೆಂಡುಗಳ ಲೆಕ್ಕ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಅದಕ್ಕಾಗಿ ಡೆಬಿಯನ್ ಆ ಲೆಕ್ಕವನ್ನು 64 ಬಿಟ್‌ಗೆ ಬದಲಿಸಿತು. ನೂರಾರು ಲೈಬ್ರರಿಗಳ ಹೆಸರಿನ ಕೊನೆಗೆ ‘ಟಿ64’ ಸೇರಿತು. ಕೆಲವು ಬದಲಾಗಿ ಕೆಲವು ಬದಲಾಗದೆ ಸಿಡ್ ವಾರಗಟ್ಟಲೆ ಗೋಜಲಾಗಿತ್ತು. ಈ ಸಲ ನಾನು ಪಟ್ಟಿ ಓದಿದೆ. ‘ಎನ್’ ಒತ್ತಿದೆ, ಕಾದೆ. ಕಾಯುತ್ತಾ ಎಬಿಐ (ಕಟ್ಟಿದ ಪ್ರೋಗ್ರಾಂ ಮತ್ತು ಲೈಬ್ರರಿ ನಡುವಿನ ಒಪ್ಪಂದ) ಅಂದರೇನು ಅಂತ ಕಲಿತೆ.

ನಿಮ್ಮದು ಒಂದೇ ಲ್ಯಾಪ್‌ಟಾಪ್. ಹಾಗಾಗಿ ಸ್ಟೇಬಲ್ ತೆಗೆಯಬೇಡಿ. ಡಿಸ್ಕ್‌ನಲ್ಲಿ ಜಾಗ ಮಾಡಿ ಪಕ್ಕದಲ್ಲೇ ಸಿಡ್ ಹಾಕಿ. ಅದಕ್ಕೂ ಮೊದಲು ನಿಮ್ಮ ಫೈಲುಗಳ ಬ್ಯಾಕಪ್ ಹೊರಗಿನ ಡಿಸ್ಕಿಗೆ ಹೋಗಲಿ. ಅದರಿಂದ ಒಂದು ಫೈಲ್ ವಾಪಸ್ ತಂದೂ ನೋಡಿ. ಆಪ್ಟ್-ಲಿಸ್ಟ್‌ಬಗ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಬರಲಿರುವ ಪ್ಯಾಕೇಜಿನಲ್ಲಿ ಗಂಭೀರ ದೋಷ ವರದಿಯಾಗಿದ್ದರೆ ಅದು ಮೊದಲೇ ಹೇಳುತ್ತದೆ. ಪರೀಕ್ಷೆಯ ವಾರದಲ್ಲಿ ಅಪ್‌ಗ್ರೇಡ್ ಬೇಡವೇ ಬೇಡ. ವರ್ಚುವಲ್ ಮಷೀನ್‌ನಲ್ಲಿ ಮಾಡಿದರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಮೊದಲ ತಿಂಗಳಿಗೆ ಸಾಕು. ಆದರೆ ಅದು ಕೆಟ್ಟರೆ ಸುಮ್ನೆ ಅಳಿಸಿ ಇನ್ನೊಂದು ಮಾಡಿಬಿಡುತ್ತೀರಿ. ನಿಜವಾದ ವೈಫೈ, ಗ್ರಾಫಿಕ್ಸ್, ಸಸ್ಪೆಂಡ್ ಅಲ್ಲಿ ಸಿಗುವುದೂ ಇಲ್ಲ.

ಪ್ರಶ್ನೆ: ಸಿಡ್‌ನಲ್ಲಿ ಎಲ್ಲ ಹೊಸದು. ಹಾಗಾದರೆ ಸುರಕ್ಷತೆಯೂ ಜಾಸ್ತಿ ಅಲ್ವಾ?

ಉತ್ತರ: ಹಾಗೆ ಹೇಳಲಾಗದು. ಡೆಬಿಯನ್‌ನ ಸುರಕ್ಷತಾ ತಂಡದ ಮೊದಲ ಗಮನ ಸ್ಟೇಬಲ್ ಕಡೆಗೆ. ಸಿಡ್‌ಗೆ ಪರಿಹಾರ ಬರುವುದು ಪ್ಯಾಕೇಜ್ ನೋಡಿಕೊಳ್ಳುವವರು ಹೊಸ ಆವೃತ್ತಿ ಹಾಕಿದಾಗ. ಹೊಸ ಅಪಾಯ ಮೊದಲು ಬಂದಿಳಿಯುವುದೂ ಇಲ್ಲೇ. ಎಕ್ಸ್‌ಜೆಡ್ ಅನ್ನುವ ಕಂಪ್ರೆಷನ್ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಸೇರಿಸಿದ್ದರು. ಅದು ಸಿಡ್‌ಗೂ ಟೆಸ್ಟಿಂಗ್‌ಗೂ ಬಂದಿತ್ತು, ಸ್ಟೇಬಲ್ ಮುಟ್ಟಲಿಲ್ಲ. ಕಂಡುಹಿಡಿದವರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಅವರೂ ಸಿಡ್ ಬಳಸುತ್ತಿದ್ದರು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿತ್ತು, ಸಿಪಿಯು ಜಾಸ್ತಿ ಓಡುತ್ತಿತ್ತು. ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರೇನೋ. ಅವರು ಬಿಡಲಿಲ್ಲ. 2024ರ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಆ ವಾರ ಎಕ್ಸ್‌ಜೆಡ್‌ನ ಆ ಆವೃತ್ತಿ ನನ್ನ ಕಂಪ್ಯೂಟರಿನಲ್ಲೂ ಇತ್ತು. ನಾನು ದಿನಾ ಲಾಗಿನ್ ಆಗುತ್ತಿದ್ದೆ, ಆ ಅರ್ಧ ಸೆಕೆಂಡ್ ನನ್ನ ಗಮನಕ್ಕೆ ಬಂದಿರಲಿಲ್ಲ. ಈಗಲೂ ಅದು ನನ್ನನ್ನು ಕಾಡುತ್ತದೆ. ಸರ್ವರ್‌ಗಳಲ್ಲಿ ಸಿಡ್ ಹಾಕಬೇಡಿ.

ಪ್ರಶ್ನೆ: ದೋಷ ಕಂಡರೆ ವರದಿ ಮಾಡಲು ಭಯ. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ.

ಉತ್ತರ: ಚೆಂದದ ಇಂಗ್ಲಿಷನ್ನು ಅಲ್ಲಿ ಯಾರೂ ಕೇಳುವುದಿಲ್ಲ. ರಿಪೋರ್ಟ್‌ಬಗ್ ಅನ್ನುವ ಪ್ರೋಗ್ರಾಂ ಪ್ಯಾಕೇಜಿನ ಆವೃತ್ತಿ, ಡಿಪೆಂಡೆನ್ಸಿಗಳನ್ನು (ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳು) ತಾನೇ ಸೇರಿಸಿಕೊಳ್ಳುತ್ತದೆ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಇಷ್ಟು ನೀವು ಬರೆದರೆ ಸಾಕು. ಅದಕ್ಕೂ ಮೊದಲು ಹಳೆಯ ವರದಿಗಳಲ್ಲಿ ಅದೇ ದೋಷ ಇದೆಯಾ ಅಂತ ನೋಡಿ. ವರದಿ ಎಲ್ಲರಿಗೂ ಕಾಣುತ್ತದೆ, ನಿಮ್ಮ ಇಮೇಲ್ ವಿಳಾಸವೂ ಕಾಣುತ್ತದೆ. ಅದಕ್ಕೆಂದೇ ಬೇರೆ ವಿಳಾಸ ಇಟ್ಟುಕೊಂಡರೆ ಒಳ್ಳೆಯದು. ನನ್ನ ಮೊದಲ ವರದಿ ಐದೇ ಸಾಲು ಇತ್ತು. ಎರಡು ದಿನಕ್ಕೆ ಉತ್ತರ ಬಂತು, ಒಂದು ಲಾಗ್ ಕೇಳಿದರು, ಕಳಿಸಿದೆ. ಮುಂದಿನ ವಾರ ಹೊಸ ಆವೃತ್ತಿ ಬಂತು. ಅದರ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದರೆ ನನ್ನ ವರದಿಯ ನಂಬರ್ ಅಲ್ಲಿತ್ತು. ಆ ಸಾಲನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ.