ದೂರದ ಸೂರ್ಯ ನುಣ್ಣಗೆ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ಕಳೆದ ಸಂಚಿಕೆಯಲ್ಲಿ, ಸೂರ್ಯನ ಹತ್ತಿರಕ್ಕೇ ಹೋದ ಅಮೆರಿಕದ ಪಾರ್ಕರ್ ನೌಕೆಯ ಬಗ್ಗೆ ಬಂದ ಬರಹ ಓದಿದೆ. ನಮ್ಮ ಆದಿತ್ಯ-ಎಲ್1 ಸುಮಾರು 380 ಕೋಟಿ ರೂಪಾಯಿ ಖರ್ಚಿನಲ್ಲಿ 15 ಲಕ್ಷ ಕಿಲೋಮೀಟರ್ ದೂರ ಹೋಗಿ ನಿಂತು ದಿನವಿಡೀ ಸೂರ್ಯನನ್ನು ನೋಡುತ್ತಿದೆ. ಅಮೆರಿಕದವರು 150 ಕೋಟಿ ಡಾಲರ್ ಸುರಿದು ಬೆಂಕಿಯ ಬಾಯಿಗೇ ನೌಕೆ ನುಗ್ಗಿಸಿದ್ದಾರೆ. ಒಳ್ಳೆಯ ದೂರದರ್ಶಕ ಇರುವಾಗ ಹತ್ತಿರ ಹೋಗುವ ಹಟ ಯಾಕೆ? ಹತ್ತು ಲಕ್ಷ ಡಿಗ್ರಿಯಲ್ಲಿ ಅದು ಕರಗಲಿಲ್ಲ ಎಂದರೆ ನಂಬುವುದೂ ಕಷ್ಟ. ಇಂಥದ್ದರ ಬದಲು ನಮ್ಮ ಕಡೆಯ ಮಕ್ಕಳು ಕೈಯಾರೆ ಮಾಡುವಂಥದ್ದೇನಾದರೂ ಬರೆಯಿರಿ.

– ನಿವೃತ್ತ ವಿಜ್ಞಾನ ಶಿಕ್ಷಕ, ಹೊಳಲ್ಕೆರೆ

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ. ಖರ್ಚು, ದೂರ, ಬಿಸಿ ಮೂರನ್ನೂ ಅಂಕಿ ಹಿಡಿದು ಪ್ರಶ್ನಿಸುವ ಪತ್ರಗಳು ನಮ್ಮ ಟಪಾಲಿನಲ್ಲಿ ಅಪರೂಪ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಆದಿತ್ಯದ ಬಗ್ಗೆ ನಿಮಗಿರುವ ಅಭಿಮಾನ ನನಗೂ ಇದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು 2024ರ ಜನವರಿ 6ರಂದು ತನ್ನ ಜಾಗ ಸೇರಿದ ಆ ನೌಕೆಗೆ ಮೋಡದ ಕಾಟವಿಲ್ಲ, ರಾತ್ರಿಯಿಲ್ಲ. ಸೂರ್ಯನ ಬಿಂಬವನ್ನು ಮರೆಮಾಡಿ ಸುತ್ತಲಿನ ಕರೋನಾ ಎಂಬ ಹೊರ ವಾತಾವರಣವನ್ನು ನೋಡುವ ಅದರ ಮುಖ್ಯ ಉಪಕರಣ ಕರೋನಾಗ್ರಾಫ್ ಸಿದ್ಧವಾದದ್ದು ಇಲ್ಲೇ ನಮ್ಮ ಹೊಸಕೋಟೆಯಲ್ಲಿ. ಸೌರ ಬಿರುಗಾಳಿ ಎದ್ದಾಗ ಸುಳಿವು ಕೊಡಲು ಇಂಥ ಕಾವಲು ಬೇಕೇ ಬೇಕು.

ಆದರೆ ಆ 15 ಲಕ್ಷ ಕಿಲೋಮೀಟರ್ ಲೆಕ್ಕ ಹಾಕಿರುವುದು ನಮ್ಮ ಭೂಮಿಯಿಂದ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ಆಚೆ. ನೂರರಲ್ಲಿ ಒಂದು ಪಾಲು ದಾರಿ ಸವೆಸಿ ನಿಂತ ನೌಕೆಗೂ 61 ಲಕ್ಷ ಕಿಲೋಮೀಟರ್‌ವರೆಗೆ ಸೂರ್ಯನ ಮೈಯನ್ನು ಸಮೀಪಿಸಿದ ನೌಕೆಗೂ ಒಂದೇ ಕೆಲಸ ಹೇಳಲಾಗದು.

ದೂರದರ್ಶಕ ಎಷ್ಟೇ ಒಳ್ಳೆಯದಿರಲಿ, ಅದು ಹಿಡಿಯುವುದು ಬೆಳಕನ್ನು. ಸೂರ್ಯನಿಂದ ಸದಾ ಹೊರಬೀಳುವ ವಿದ್ಯುದಾವೇಶದ ಕಣಗಳ ಹರಿವು, ಅಂದರೆ ಸೌರ ಮಾರುತ, ಇಂತಲ್ಲಿ ಎಷ್ಟು ವೇಗದಲ್ಲಿದೆ, ಅಲ್ಲಿ ಕಾಂತರೇಖೆ ಯಾವ ಕಡೆ ತಿರುಗಿದೆ ಎಂದು ತಿಳಿಯಬೇಕಾದರೆ ಅಲ್ಲಿಗೇ ಹೋಗಿ ಅಳೆಯಬೇಕು. ಆದಿತ್ಯದಲ್ಲೂ ಕಣಗಳನ್ನು ಅಳೆಯುವ ಉಪಕರಣಗಳಿವೆ, ನಿಜ. ಆದರೆ ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿ ಬಂದರೂ ಆ ಗಾಳಿ ನಮ್ಮ ಹತ್ತಿರ ಮುಟ್ಟಲು ನಾಲ್ಕು ದಿನ ಬೇಕು. ಅಷ್ಟರಲ್ಲಿ ವೇಗದ ಹರಿವು ನಿಧಾನದ್ದನ್ನು ಹಿಂದಿನಿಂದ ತಳ್ಳಿ, ಎರಡೂ ಕಲಸಿಹೋಗಿ, ಹುಟ್ಟಿದಾಗಿನ ಗುರುತು ಬಹುಪಾಲು ಅಳಿಸಿರುತ್ತದೆ.

2018ರ ನವೆಂಬರ್‌ನಲ್ಲಿ ಪಾರ್ಕರ್ ಮೊದಲ ಸಲ ಹತ್ತಿರ ಹೋದಾಗ ಕಂಡದ್ದನ್ನೇ ನೋಡಿ. ಕಾಂತರೇಖೆಗಳು ಇದ್ದಕ್ಕಿದ್ದಂತೆ ಹಿಂದಕ್ಕೆ ಮಡಿಚಿಕೊಂಡು, ಕೆಲವು ಸೆಕೆಂಡು ಇಲ್ಲವೇ ನಿಮಿಷ ಹಾಗೇ ಇದ್ದು, ಮತ್ತೆ ನೆಟ್ಟಗಾಗುತ್ತಿದ್ದವು. ಹಿಂದಿನ ನೌಕೆಗಳಿಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದ ಈ ಮಡಿಕೆಗಳು ಅಲ್ಲಿ ಸಾಲುಸಾಲಾಗಿ ಬಂದವು. 2021ರ ಏಪ್ರಿಲ್ 28ರದು ಇನ್ನೂ ದೊಡ್ಡ ಸುದ್ದಿ. ಸೂರ್ಯನ ವಾತಾವರಣಕ್ಕೂ ಒಂದು ಅಂಚಿದೆ. ಅದರ ಒಳಗೆ ಕಣಗಳು ಸೂರ್ಯನ ಕಾಂತಕ್ಷೇತ್ರದ ಹಿಡಿತದಲ್ಲಿರುತ್ತವೆ, ಅದನ್ನು ದಾಟಿದ ಮೇಲೆ ಮರಳಿ ಬರುವುದಿಲ್ಲ. ಮೇಲ್ಮೈಯಿಂದ ಸುಮಾರು 1 ಕೋಟಿ 30 ಲಕ್ಷ ಕಿಲೋಮೀಟರ್ ಎತ್ತರದಲ್ಲಿ ನೌಕೆ ಆ ಅಂಚಿನೊಳಗೆ ಹೋಯಿತು, ಹೊರಬಂತು, ಕೆಲವೇ ಗಂಟೆಗಳಲ್ಲಿ ಮತ್ತೆ ಹೊಕ್ಕು ಹೊರಬಂತು. ಅಂದರೆ ಆ ಅಂಚು ಚೆಂಡಿನ ಮೈಯಂತೆ ನಯವಾಗಿಲ್ಲ, ಅದರ ತುಂಬ ಉಬ್ಬುತಗ್ಗು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ದುರ್ಗದ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸೌರ ಮಾರುತ ಎಂಬ ಕಲ್ಪನೆಯೇ ಒಂದು ಕಾಲಕ್ಕೆ ಕಸದ ಬುಟ್ಟಿಗೆ ಹೋಗುವುದರಲ್ಲಿತ್ತು. 1958ರಲ್ಲಿ ಯೂಜೀನ್ ಪಾರ್ಕರ್ ಎಂಬ ಮೂವತ್ತರ ಆಸುಪಾಸಿನ ವಿಜ್ಞಾನಿ ಲೆಕ್ಕ ಹಾಕಿ, ಅಷ್ಟು ಬಿಸಿಯಾದ ಕರೋನಾ ಸುಮ್ಮನೆ ಕೂರಲಾರದು, ಶಬ್ದಕ್ಕಿಂತ ವೇಗವಾಗಿ ಹೊರಗೆ ಹರಿಯಲೇಬೇಕು ಎಂದು ಬರೆದರು. ಪ್ರಬಂಧ ಪರಿಶೀಲಿಸಿದ ಇಬ್ಬರೂ ಅದು ತಪ್ಪು ಎಂದರು. ಬರೆಯುವ ಮುಂಚೆ ಗ್ರಂಥಾಲಯಕ್ಕೆ ಹೋಗಿ ಓದಿಕೊಳ್ಳಲಿ ಎಂಬರ್ಥದ ಮಾತೂ ಬಂತು. ಆ ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಾದ ರುಚಿಸಿರಲಿಲ್ಲ. ಆದರೆ ಗಣಿತದಲ್ಲಿ ಇಂಥ ಕಡೆ ತಪ್ಪಿದೆ ಎಂದು ಪರಿಶೀಲಕರು ಬೊಟ್ಟು ಮಾಡಿ ತೋರಿಸಿರಲಿಲ್ಲ. ತಪ್ಪು ತೋರಿಸದ ಮೇಲೆ ತಡೆಯುವುದು ನ್ಯಾಯವಲ್ಲ ಎಂದು ಚಂದ್ರಶೇಖರ್ ಪ್ರಕಟಿಸಿಯೇಬಿಟ್ಟರು. ಮುಂದೆ 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್-2 ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆಯಿತು, ವಾದ ಮುಗಿಯಿತು. ಕಾಗದದ ಮೇಲೆ ಹಿರಿಯರು ಒಪ್ಪದ್ದನ್ನು ಅಲ್ಲಿಗೆ ಹೋದ ಉಪಕರಣ ಒಪ್ಪಿಸಿತು. ಇದಕ್ಕಿಂತ ಒಳ್ಳೆಯ ಉತ್ತರ ನಿಮ್ಮ ಮೊದಲ ಪ್ರಶ್ನೆಗೆ ನನ್ನಲ್ಲಿಲ್ಲ. 2018ರ ಆಗಸ್ಟ್ 12ರಂದು ತಮ್ಮದೇ ಹೆಸರಿನ ನೌಕೆ ಮೇಲೇಳುವುದನ್ನು ಪಾರ್ಕರ್ 91ರ ವಯಸ್ಸಿನಲ್ಲಿ ಕಣ್ಣಾರೆ ಕಂಡರು.

ಇನ್ನು ಕರಗುವ ಮಾತು. ಉಷ್ಣತೆ ಬೇರೆ, ಉಷ್ಣ ಬೇರೆ ಎಂದು ನೀವೇ ಎಷ್ಟೋ ವರ್ಷ ಪಾಠ ಮಾಡಿರುತ್ತೀರಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬಾಣಲೆಯ ಮೇಲಿನ ಬಿಸಿಗಾಳಿಯಲ್ಲಿ ಕ್ಷಣಮಾತ್ರ ಕೈಯಾಡಿಸಿದರೆ ಬೊಬ್ಬೆ ಏಳುವುದಿಲ್ಲ, ಒಳಗಿನ ಮರಳು ತಾಗಿದರೆ ಚರ್ಮವೇ ಕಿತ್ತು ಬರುತ್ತದೆ. ಕರೋನಾ ಹತ್ತು ಲಕ್ಷ ಡಿಗ್ರಿ ಮೀರಿದ್ದರೂ ಬಹಳ ತೆಳು, ಮೈಗೆ ಬಡಿಯುವ ಕಣಗಳು ಕಡಿಮೆ. ನೌಕೆಯನ್ನು ನಿಜವಾಗಿ ಸುಡುವುದು ಬಿಸಿಲು. ಅಲ್ಲಿನ ಬಿಸಿಲು ಇಲ್ಲಿಯದಕ್ಕಿಂತ 475 ಪಟ್ಟು ಹೆಚ್ಚು.

ಅದನ್ನು ತಡೆಯುವ ಗುರಾಣಿಯ ಅಗಲ ಸುಮಾರು 2.4 ಮೀಟರ್, ದಪ್ಪ ಹನ್ನೊಂದೂವರೆ ಸೆಂಟಿಮೀಟರ್, ತೂಕ 73 ಕಿಲೋ. ಎರಡು ಗಟ್ಟಿ ಇಂಗಾಲದ ಹಲಗೆಗಳ ನಡುವೆ ಇಂಗಾಲದ ನೊರೆ. ಆ ನೊರೆಯಲ್ಲಿ ನೂರಕ್ಕೆ 97 ಪಾಲು ಖಾಲಿ ಜಾಗವೇ ಇರುವುದರಿಂದ ಬಿಸಿ ಹಿಂದಕ್ಕೆ ದಾಟುವುದು ಕಷ್ಟ. ಸೂರ್ಯನ ಕಡೆಯ ಮುಖಕ್ಕೆ ಬಿಳಿ ಅಲ್ಯೂಮಿನಾ ಲೇಪ. ಇಲ್ಲೊಂದು ತೊಡಕಿತ್ತು. ಆ ಬಿಸಿಗೆ ಅಲ್ಯೂಮಿನಾ ಕೆಳಗಿನ ಇಂಗಾಲದ ಜತೆ ವರ್ತಿಸಿ ಬೂದು ಬಣ್ಣಕ್ಕೆ ತಿರುಗುತ್ತದೆ, ಬೂದಾದ ಮೇಲೆ ಬಿಸಿಲನ್ನು ಹೀರತೊಡಗುತ್ತದೆ. ಅದಕ್ಕೇ ಎರಡರ ನಡುವೆ ಕೂದಲೆಳೆಗಿಂತ ತೆಳುವಾದ ಟಂಗ್‌ಸ್ಟನ್ ಪದರ ಕೊಟ್ಟು ಒಂದಕ್ಕೊಂದು ತಾಗದಂತೆ ಮಾಡಿದರು. ಸುಮಾರು 1400 ಡಿಗ್ರಿ ಸೆಲ್ಸಿಯಸ್ ತಾಳಲೆಂದು ಕಟ್ಟಿದ ಗುರಾಣಿಯ ಹಿಂದೆ, ನೆರಳಿನಲ್ಲಿರುವ ಉಪಕರಣಗಳಿಗೆ 30 ಡಿಗ್ರಿ ಆಸುಪಾಸು. ನಮ್ಮ ಚಳ್ಳಕೆರೆಯ ಏಪ್ರಿಲ್ ಇದಕ್ಕಿಂತ ಬಿಸಿ.

ಬಟ್ಟಲಿನಾಕಾರದ ಒಂದು ಉಪಕರಣ ಗುರಾಣಿಯ ಅಂಚಿನಾಚೆ ಇಣುಕಿ ಸೂರ್ಯನನ್ನು ನೇರವಾಗಿ ಎದುರಿಸುತ್ತದೆ. ಅದರ ಮೈಗೆ ಟೈಟಾನಿಯಂ, ಜಿರ್ಕೋನಿಯಂ, ಮಾಲಿಬ್ಡಿನಂ ಬೆರೆಸಿದ ಮಿಶ್ರಲೋಹ, ಒಳಗಿನ ಜಾಲರಿಗೆ ಟಂಗ್‌ಸ್ಟನ್. ಜಾಲರಿಯ ಗೆರೆ ಕೊರೆಯಲು ಲೇಸರ್ ಕೆಲಸಕ್ಕೆ ಬರಲಿಲ್ಲ, ಆಮ್ಲದಲ್ಲಿ ಕೊರೆಯಬೇಕಾಯಿತು. ಮಾಮೂಲಿ ವೈರು ಅಲ್ಲಿ ಕರಗುತ್ತದೆ, ಹಾಗಾಗಿ ನಿಯೋಬಿಯಂ ತಂತಿಯನ್ನು ಕೃತಕ ನೀಲಮಣಿಯ ಕೊಳವೆಯೊಳಗೆ ಹಾಯಿಸಿದರು. ಇದನ್ನೆಲ್ಲ ಭೂಮಿಯ ಮೇಲೆ ಪರೀಕ್ಷಿಸಲು ಅಷ್ಟು ಪ್ರಖರ ಬೆಳಕು ಬೇಕಲ್ಲ? ಐಮ್ಯಾಕ್ಸ್ ಚಿತ್ರಮಂದಿರದ ನಾಲ್ಕು ಪ್ರೊಜೆಕ್ಟರ್‌ಗಳನ್ನು ತಂದು ಒಂದೇ ಕಡೆ ತಿರುಗಿಸಿದರು.

ಸೌರ ಫಲಕಗಳನ್ನು ಸೂರ್ಯನ ಹತ್ತಿರ ಹೋದಂತೆ ನೆರಳಿಗೆ ಮಡಿಚಿಕೊಳ್ಳಬೇಕು, ತುದಿಯ ಚೂರು ಮಾತ್ರ ಹೊರಗೆ. ಆ ಚೂರನ್ನು ತಣಿಸುವುದು ಒಂದು ಕೊಡಕ್ಕೂ ಕಡಿಮೆ ಶುದ್ಧ ನೀರು. ಒತ್ತಡದಲ್ಲಿಟ್ಟಿರುವುದರಿಂದ ನೂರು ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ನೌಕೆ ವಾಲುವುದು. ಗುರಾಣಿ ಸೂರ್ಯನಿಗೆ ಎದುರಾಗಿಲ್ಲದಿದ್ದರೆ ಹಿಂದಿನ ಭಾಗಗಳು ಒಂದು ನಿಮಿಷವೂ ಬಾಳಲಾರವು. ಬೆಳಕು ಇಲ್ಲಿಗೆ ಬರಲೇ ಎಂಟು ನಿಮಿಷ ಬೇಕು, ಇಲ್ಲಿಂದ ಆಜ್ಞೆ ಕಳಿಸುವ ಮಾತೇ ಇಲ್ಲ. ಅದಕ್ಕೇ ನೆರಳಿನ ಅಂಚಿನಲ್ಲಿ ಏಳು ಸಂವೇದಕಗಳಿವೆ. ಯಾವುದರ ಮೇಲಾದರೂ ಬಿಸಿಲು ಬಿದ್ದರೆ ನೌಕೆ ಯಾರನ್ನೂ ಕೇಳದೆ ತಾನೇ ನೆಟ್ಟಗಾಗುತ್ತದೆ. 2024ರ ಡಿಸೆಂಬರ್ 24ರಂದು ಸೆಕೆಂಡಿಗೆ 192 ಕಿಲೋಮೀಟರ್ ವೇಗದಲ್ಲಿ ಅದು ಸೂರ್ಯನ ಪಕ್ಕದಲ್ಲಿ ಹಾದುಹೋದಾಗ ಸಂಪರ್ಕ ಪೂರ್ತಿ ಕಡಿದಿತ್ತು. ಚಿತ್ರದುರ್ಗದಿಂದ ಬೆಂಗಳೂರಿಗೆ ಒಂದು ಸೆಕೆಂಡು ಎಂದುಕೊಳ್ಳಿ, ಅಂಥ ವೇಗ. ‘ಸುರಕ್ಷಿತವಾಗಿದ್ದೇನೆ’ ಎನ್ನುವ ಸಂಕೇತ ಸಿಕ್ಕಿದ್ದು ಅಮೆರಿಕದ ವೇಳೆಯಂತೆ 26ರ ರಾತ್ರಿ. ಈಗ ಸುಮಾರು 88 ದಿನಕ್ಕೊಂದು ಸುತ್ತು.

ಸೂರ್ಯನ ಸೆಳೆತ ಅಷ್ಟಿರುವಾಗ ಅಲ್ಲಿಗೆ ಬೀಳುವುದೇನು ಮಹಾ ಎಂದು ಅನೇಕರು ಕೇಳುತ್ತಾರೆ. ಕಷ್ಟ ಇರುವುದೇ ಅಲ್ಲಿ. ಭೂಮಿಯ ಜತೆ ನೌಕೆಯೂ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಓಡುತ್ತಿರುತ್ತದೆ. ಆ ವೇಗ ಕಳೆಯದಿದ್ದರೆ ಒಳಗೆ ಬೀಳುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಮಂಗಳಕ್ಕೆ ಹೋಗಲು ಬೇಕಾದದ್ದರ 55 ಪಟ್ಟು ಶಕ್ತಿ ಇದಕ್ಕೆ ಬೇಕು. ಡೆಲ್ಟಾ-4 ಹೆವಿಯಂಥ ದೈತ್ಯ ರಾಕೆಟ್ಟಿಗೆ ಇನ್ನೊಂದು ಹಂತ ಜೋಡಿಸಿದರೂ ಅದು ಸಾಲದೆ, ಏಳು ಸಲ ಶುಕ್ರನ ಪಕ್ಕ ಹಾದು ಪ್ರತಿ ಸಲವೂ ಒಂದಿಷ್ಟು ವೇಗ ಕಳೆದುಕೊಳ್ಳಬೇಕಾಯಿತು. ಮೊದಲನೆಯದು 2018ರ ಅಕ್ಟೋಬರ್ 3, ಕೊನೆಯದು 2024ರ ನವೆಂಬರ್ 6. ಆರು ವರ್ಷದ ತಾಳ್ಮೆ. ದುಡ್ಡು ಹೋದದ್ದು ಇಂಥದ್ದಕ್ಕೆ ಮೇಷ್ಟ್ರೇ, ಶೋಕಿಗಲ್ಲ.

ಹತ್ತಿರ ಹೋಗುವ ಹಟ ಯಾಕೆ ಎಂಬ ನಿಮ್ಮ ಮಾತು ನನ್ನನ್ನು ಚುಚ್ಚಿದ್ದಕ್ಕೆ ಬೇರೆ ಕಾರಣವೂ ಇದೆ. ಆ ಹಟ ನಮ್ಮಲ್ಲಿ ಕಾಣೆಯಾಗುತ್ತಿದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ನೆಲೆಯಲ್ಲೇ 2024ರ ಜೂನ್ 23ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನ ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡುಗಡೆಯಾಯಿತು. ರನ್‌ವೇ ಗೆರೆಯಿಂದ 500 ಮೀಟರ್ ಪಕ್ಕಕ್ಕಿದ್ದರೂ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರ್ ಮೀರಿದ ವೇಗದಲ್ಲಿ ಇಳಿದು, ಪ್ಯಾರಾಚೂಟಿನಿಂದ ವೇಗ ತಗ್ಗಿಸಿಕೊಂಡಿತು. ನಮ್ಮ ಪತ್ರಿಕೆಯವರಲ್ಲಿ ಹೆಚ್ಚಿನವರು ಅಚ್ಚು ಹಾಕಿದ್ದು ಪ್ರಕಟಣೆಯ ನಾಲ್ಕು ಸಾಲು, ಒಂದು ಫೋಟೋ. ಆ 500 ಮೀಟರ್ ಯಾಕೆ ಇಟ್ಟರು ಎಂದು ಕೇಳಿದವರು ಕಡಿಮೆ.

ಇಳುವರಿ ಎಷ್ಟೆಂದು ತಿಳಿಯಲು ಮಾಡುವ ಬೆಳೆ ವಿಮೆಯ ಕಟಾವು ಪ್ರಯೋಗದ ಕಥೆಯೂ ಇದೇ. ಗೊತ್ತುಮಾಡಿದ ಸರ್ವೆ ನಂಬರಿನ ಹೊಲಕ್ಕೇ ಹೋಗಬೇಕು, ಗೂಟ ಹೊಡೆದು ಹಗ್ಗ ಕಟ್ಟಿ ತುಂಡು ಅಳೆಯಬೇಕು, ಶೇಂಗಾ ಕಿತ್ತು, ಮಣ್ಣು ಉದುರಿಸಿ, ಕಾಯಿ ಬಿಡಿಸಿ ತೂಗಬೇಕು, ಒಣಗಿಸಿ ಮತ್ತೊಮ್ಮೆ ತೂಗಬೇಕು. ರಸ್ತೆ ಬದಿಯ ಹೊಲವೇ ಸಾಕು ಎಂದು ಬದಲಿಸಿದರೆ, ಇಲ್ಲವೇ ಹಸಿಕಾಯಿಯ ತೂಕವನ್ನೇ ಬರೆದುಕೊಂಡರೆ ಇಳುವರಿ ಕಾಗದದಲ್ಲಿ ಏರುತ್ತದೆ, ರೈತನ ಪರಿಹಾರ ಇಳಿಯುತ್ತದೆ. ಶಾಲೆಗಳಲ್ಲೂ ಪ್ರಯೋಗದ ಪುಸ್ತಕ ತುಂಬಿರುತ್ತದೆ, ಪ್ರಯೋಗಾಲಯದ ಬೀಗ ತುಕ್ಕು ಹಿಡಿದಿರುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಕ್ಕಳಿಗೆ ಕೈಯಾರೆ ಮಾಡುವ ಕೆಲಸ ಕೇಳಿದಿರಿ, ತಗೊಳ್ಳಿ. ಅಂಗೈಯಗಲದ ಚಪ್ಪಟೆ ಕನ್ನಡಿ, ದಪ್ಪ ಕಪ್ಪು ಕಾಗದ, ಒಂದು ಉಂಡೆ ಜೇಡಿಮಣ್ಣು ಸಾಕು. ಕಾಗದದಲ್ಲಿ 6 ಮಿಲಿಮೀಟರ್ ಅಗಲದ ತೂತು ಕೊರೆದು ಕನ್ನಡಿಗೆ ಅಂಟಿಸಿ, ಅಂಗಳದ ಬಿಸಿಲಿನಲ್ಲಿ ಕನ್ನಡಿಯನ್ನು ಮಣ್ಣಿಗೆ ಒತ್ತಿ ನಿಲ್ಲಿಸಿ. ಪ್ರತಿಫಲಿಸಿದ ಬೆಳಕು ಬಾಗಿಲಿನಿಂದ ಕತ್ತಲೆ ಕೋಣೆಯೊಳಗೆ ಹೋಗಿ, 20 ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಬೀಳಲಿ. ಸುಮಾರು 18 ಸೆಂಟಿಮೀಟರ್ ಅಗಲದ ಸೂರ್ಯಬಿಂಬ ಮೂಡುತ್ತದೆ. ಕನ್ನಡಿಯನ್ನಾಗಲಿ ಸೂರ್ಯನನ್ನಾಗಲಿ ಯಾರೂ ನೇರ ನೋಡಬಾರದು, ಹಾಳೆಯನ್ನಷ್ಟೇ ನೋಡಬೇಕು. ಕನ್ನಡಿಯ ಹತ್ತಿರ ಒಬ್ಬ ದೊಡ್ಡವರು ಇರಲೇಬೇಕು.

ದೂರ ಸಾಲದಿದ್ದರೆ ಮೂಡುವುದು ತೂತಿನ ಆಕಾರವೇ ಹೊರತು ಸೂರ್ಯನಲ್ಲ. ತೂತು ದೊಡ್ಡದಾದರೆ ಬಿಂಬ ಮಸುಕು, ಚಿಕ್ಕದಾದರೆ ಮಂಕು. ಕನ್ನಡಿ ಡೊಂಕಿದ್ದರೆ ಬಿಂಬವೂ ಸೊಟ್ಟ. ಎರಡು ನಿಮಿಷಕ್ಕೆ ಬಿಂಬ ತನ್ನ ಅಗಲದಷ್ಟು ಜರುಗುವುದರಿಂದ ಕನ್ನಡಿಯನ್ನು ಆಗಾಗ ಸರಿಸಲು ಒಬ್ಬರು ಬೇಕು. ಕಪ್ಪು ಚುಕ್ಕೆ ಕಂಡರೆ ಹಾಳೆಯನ್ನು ಅಲ್ಲಾಡಿಸಿ ನೋಡಿ. ಹಾಳೆಯ ಜತೆ ಚುಕ್ಕೆಯೂ ಹೋದರೆ ಅದು ಕಾಗದದ ಕೊಳೆ, ಬಿಂಬದಲ್ಲೇ ನಿಂತರೆ ಸೂರ್ಯಕಲೆ. ಕಾಣುವುದು ದೊಡ್ಡ ಕಲೆಗಳು ಮಾತ್ರ, ಏನೂ ಕಾಣದ ದಿನಗಳೂ ಇರುತ್ತವೆ. ಅದನ್ನೂ ಬರೆದಿಡಿ. ಬಿಂಬದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಕಲೆ ಗುರುತಿಸಿ, ತಾರೀಖು ಮತ್ತು ಹೊತ್ತು ಹಾಕಿ. ದಿನವೂ ಕನ್ನಡಿ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಇರಲಿ, ಇಲ್ಲದಿದ್ದರೆ ಬಿಂಬವೇ ತಿರುಗಿಕೊಂಡು ಲೆಕ್ಕ ತಪ್ಪುತ್ತದೆ. ಹತ್ತು ದಿನ ಹೀಗೆ ಮಾಡಿ ಹಾಳೆಗಳನ್ನು ಜೋಡಿಸಿದರೆ ಕಲೆ ಒಂದು ಅಂಚಿನಿಂದ ಇನ್ನೊಂದರ ಕಡೆ ಸಾಗಿರುವುದು ಕಾಣುತ್ತದೆ. ಎಷ್ಟು ದಿನಕ್ಕೆ ಎಷ್ಟು ದೂರ ಎಂದು ಅಳೆದು ಸೂರ್ಯನ ಒಂದು ಸುತ್ತಿನ ಲೆಕ್ಕವನ್ನು ಮಕ್ಕಳೇ ಮಾಡಲಿ. 27 ದಿನದ ಆಸುಪಾಸು ಬರಬೇಕು.

ಹಾಳೆಗಳನ್ನು ನಮಗೆ ಕಳಿಸಿಕೊಡಿ. ಬರುವ ಸಂಚಿಕೆಗಳಲ್ಲಿ ಅವಕ್ಕೆಂದೇ ಒಂದು ಪುಟ ತೆಗೆದಿಟ್ಟಿರುತ್ತೇನೆ.

– ಸಂಪಾದಕ