ಶ್ರಮದಾನಕ್ಕೆ ಹೋಗಿ, ಜೊತೆಗೆ ಒಂದು ಪೆನ್ನೂ ಇರಲಿ

ಓದುಗರ ಪತ್ರ: "ನಮ್ಮ ಬಡಾವಣೆಯಲ್ಲಿ ವರ್ಷಕ್ಕೊಮ್ಮೆ ಶ್ರಮದಾನ ನಡೆಯುತ್ತದೆ. ಬೆಳಿಗ್ಗೆ ಜನ ಸೇರುತ್ತಾರೆ. ಟೀ ಶರ್ಟ್ ಹಂಚುತ್ತಾರೆ. ಕಸ ಎತ್ತುತ್ತೇವೆ, ಗೋಡೆಗೆ ಬಣ್ಣ ಬಳಿಯುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಹದಿನೈದು ದಿನ ಕಳೆದರೆ ಜಾಗ ಮೊದಲಿನಂತೆಯೇ. ತೆರಿಗೆ ಕಟ್ಟುವವರೂ ನಾವೇ, ಗುಡಿಸುವವರೂ ನಾವೇ ಅಂದ್ರೆ ಏನರ್ಥ? ಇದು ಸುಮ್ನೆ ಫೋಟೊಗೋಸ್ಕರ ಅಲ್ವಾ? ಮಗಳ ಶಾಲೆಯಲ್ಲಿ ಬೇರೆ, ಬಂದವರಿಗೆ ಅಂಕ ಅಂತ ಹೇಳಿದ್ದಾರೆ. ಈ ಸಲ ಹೋಗಬೇಕಾ, ಬೇಡವಾ?"

ಸಂಪಾದಕರ ಉತ್ತರ:

ಹೋಗಿ. ಆದರೆ ಗ್ಲೌಸ್ ಜೊತೆಗೆ ಒಂದು ಪೆನ್ನು, ನಾಲ್ಕು ಹಾಳೆ ತೆಗೆದುಕೊಂಡು ಹೋಗಿ. ಯಾಕೆ ಅಂತ ಹೇಳಲು ಸ್ವಲ್ಪ ಜಾಗ ಬೇಕು.

ಮೊದಲು ನಿಮ್ಮ ಸಿಟ್ಟಿನ ವಿಷಯ. ಅದರಲ್ಲಿ ತಪ್ಪಿಲ್ಲ. ಕಸ ಸಾಗಿಸುವುದು ಊರಿನ ಆಡಳಿತದ ಕೆಲಸ. ಅದಕ್ಕೇ ನಾವು ತೆರಿಗೆ ಕೊಡುವುದು. ಊರು ದಿನವೂ ಹೊರಹಾಕುವ ಕಸವನ್ನು ವರ್ಷದಲ್ಲಿ ಒಂದು ಬೆಳಿಗ್ಗೆ ಸೇರುವ ಜನ ಎತ್ತಿ ಮುಗಿಸಲು ಸಾಧ್ಯವೇ ಇಲ್ಲ. ಎಷ್ಟು ಮೂಟೆ ತುಂಬಿದೆವು ಅನ್ನುವುದೊಂದೇ ಲೆಕ್ಕವಾದರೆ ಶ್ರಮದಾನ ಪ್ರತಿ ವರ್ಷವೂ ಸೋಲುತ್ತದೆ. ನಿಮಗೆ ಬೇಸರ ಬಂದಿರುವುದು ಆ ಲೆಕ್ಕದಿಂದಲೇ ಅನ್ನಿಸುತ್ತದೆ.

ಬೇರೆ ಲೆಕ್ಕವೂ ಇದೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲ ತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಒಹಾರಾ ಎಂಬ ಇಬ್ಬರು ಒಂದು ಸ್ವಚ್ಛತಾ ದಿನ ಏರ್ಪಡಿಸಿದರು. ಬಂದವರು ಸುಮಾರು 2,800 ಜನ. ಅವರಿಗೆ ಚೀಲದ ಜೊತೆ ಒಂದು ಕಾರ್ಡನ್ನೂ ಕೊಟ್ಟಿದ್ದರು. ಎತ್ತಿದ ಪ್ರತಿ ವಸ್ತುವನ್ನೂ ಅದರಲ್ಲಿ ಗುರುತು ಹಾಕಬೇಕು. ಬಾಟಲಿ ಎಷ್ಟು, ಮುಚ್ಚಳ ಎಷ್ಟು, ಹಗ್ಗದ ತುಂಡು ಎಷ್ಟು. ಅದೇ ಮುಂದೆ ಅಂತಾರಾಷ್ಟ್ರೀಯ ಕಡಲ ತೀರ ಸ್ವಚ್ಛತಾ ದಿನವಾಗಿ ಬೆಳೆಯಿತು. ಕಾರ್ಡು ಮಾತ್ರ ಬಿಟ್ಟುಹೋಗಲಿಲ್ಲ. ಬಹುಕಾಲ ಆ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಗರೇಟಿನ ತುಂಡಿನದು. ಅದರ ಫಿಲ್ಟರ್ ನೋಡಲು ಹತ್ತಿಯಂತಿದ್ದರೂ ಒಂದು ಬಗೆಯ ಪ್ಲಾಸ್ಟಿಕ್. 2020ರ ವರದಿಯಲ್ಲಿ ಮೊದಲ ಸಲ ತಿಂಡಿ ಪೊಟ್ಟಣಗಳ ಹಾಳೆ ಅದನ್ನು ಹಿಂದೆ ಹಾಕಿತು. ಎತ್ತಿ ಬಿಸಾಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬರೆದಿಟ್ಟಿದ್ದರಿಂದ, ಯಾವ ವಸ್ತುವಿನ ತಯಾರಕರನ್ನು ಪ್ರಶ್ನೆ ಕೇಳಬೇಕು ಅನ್ನುವುದು ತಿಳಿಯಿತು.

ಎಸ್ಟೋನಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬರೀ ಹದಿಮೂರು ಲಕ್ಷ ಜನರ ಪುಟ್ಟ ದೇಶ ಅದು. 2008ರ ಮೇ 3ರಂದು ಅಲ್ಲಿ ಸುಮಾರು 50,000 ಜನ ಹೊರಬಂದು, ಕಾಡು ಮತ್ತು ರಸ್ತೆ ಬದಿಗಳಲ್ಲಿ ಕದ್ದು ಸುರಿದಿದ್ದ ಸುಮಾರು 10,000 ಟನ್ ಕಸವನ್ನು ಒಂದೇ ದಿನದಲ್ಲಿ ಎತ್ತಿದರು. ಎಲ್ಲರೂ ಹೇಳುವುದು ಈ ಅಂಕಿಯನ್ನೇ. ನನಗೆ ಅದಕ್ಕಿಂತ ಹಿಡಿಸಿದ್ದು ಹಿಂದಿನ ತಿಂಗಳುಗಳ ಕೆಲಸ. ಸ್ವಯಂಸೇವಕರು ಮೊದಲೇ ಸುತ್ತಾಡಿ, ಕಸ ಬಿದ್ದ 10,000ಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದ್ದರು. ಎಲ್ಲಿಗೆ ಎಷ್ಟು ಜನ ಬೇಕು, ಎಲ್ಲಿಗೆ ಲಾರಿ ಬೇಕು ಅನ್ನುವುದು ಆ ದಿನದ ಬೆಳಿಗ್ಗೆ ತೀರ್ಮಾನವಾದದ್ದಲ್ಲ. ಅಲ್ಲಿಂದ ಹರಡಿದ ಚಳವಳಿಯೇ 2018ರ ಸೆಪ್ಟೆಂಬರ್ 15ರಂದು ಮೊದಲ ವಿಶ್ವ ಸ್ವಚ್ಛತಾ ದಿನವಾಯಿತು. ಈಗ ಸೆಪ್ಟೆಂಬರ್ 20 ಅನ್ನು ವಿಶ್ವಸಂಸ್ಥೆಯೂ ಆ ದಿನವೆಂದು ಒಪ್ಪಿದೆ.

ನಿಮ್ಮ ಶ್ರಮದಾನದ ಆಯೋಜಕರಿಗೆ ನಾನು ಕೇಳುವ ಪ್ರಶ್ನೆಯೂ ಇದೇ. ಹಿಂದಿನ ವಾರ ಏನು ಮಾಡಿದಿರಿ? ಬಹಳ ಕಡೆ ಉತ್ತರ ಹೀಗಿರುತ್ತದೆ: ಟೀ ಶರ್ಟ್ ಅಚ್ಚು ಹಾಕಿಸಿದೆವು, ಫ್ಲೆಕ್ಸ್ ಕಟ್ಟಿಸಿದೆವು, ಮುಖ್ಯ ಅತಿಥಿಗೆ ಫೋನ್ ಮಾಡಿದೆವು. ಕಸ ತೆಗೆಯುವ ದಿನಕ್ಕೆ ಫ್ಲೆಕ್ಸ್! ಸಂಜೆಗೆ ಅದೂ ಕಸವೇ, ಅದೂ ಸುಲಭವಾಗಿ ಕರಗದ ಕಸ. ಬಂದವರಿಗೆ ಕೊಟ್ಟ ಸಣ್ಣ ನೀರಿನ ಬಾಟಲಿಗಳದ್ದೂ ಅದೇ ಕಥೆ. ಇನ್ನು ಕೆಲವು ಕಡೆ ಗಣ್ಯರು ಬರುವ ಮುಂಚೆ ಸ್ವಚ್ಛ ಜಾಗಕ್ಕೆ ಒಣ ಎಲೆ ತಂದು ಹರಡುವುದೂ ಉಂಟು. ಅಂಥದ್ದು ಕಂಡರೆ ನೀವು ಅಲ್ಲಿಂದ ಎದ್ದು ಬನ್ನಿ, ನನ್ನ ಬೆಂಬಲ ನಿಮಗಿದೆ.

ಹಿಂದಿನ ವಾರ ಮಾಡಬೇಕಾದದ್ದು ಕಸ ಯಾಕೆ ಅಲ್ಲೇ ಬೀಳುತ್ತದೆ ಅಂತ ಪತ್ತೆ ಹಚ್ಚುವುದು. ಬೀದಿ ತುಂಬಾ ಸಮನಾಗಿ ಕಸ ಬೀಳುವುದಿಲ್ಲ, ಗಮನಿಸಿದ್ದೀರಾ? ಕೆಲವೇ ಜಾಗಗಳು ಇರುತ್ತವೆ. ಖಾಲಿ ನಿವೇಶನದ ಮೂಲೆ, ಟ್ರಾನ್ಸ್‌ಫಾರ್ಮರ್ ಬುಡ, ಉದ್ದ ಕಾಂಪೌಂಡಿನ ಪಕ್ಕ, ದೀಪ ಇಲ್ಲದ ತಿರುವು. ಯಾರ ಮನೆ ಬಾಗಿಲೂ ತೆರೆಯದ, ಯಾರ ಕಿಟಕಿಯೂ ನೋಡದ ಜಾಗಗಳು. ಎಸೆಯುವವರೆಲ್ಲ ಕೆಟ್ಟವರು ಅಂತ ಹೇಳಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಕಸದ ಗಾಡಿ ಬರುವ ಹೊತ್ತಿಗೆ ಮನೆಯವರಿಬ್ಬರೂ ಕೆಲಸಕ್ಕೆ ಹೋಗಿರಬಹುದು. ಗಾಡಿ ಆ ಸಣ್ಣ ಗಲ್ಲಿಗೆ ನುಗ್ಗದೇ ಇರಬಹುದು. ರಾತ್ರಿ ತಡವಾಗಿ ಬಾಗಿಲು ಹಾಕುವ ಅಂಗಡಿಯವನಿಗೆ ಕಸ ಕೊಡಲು ಯಾರೂ ಸಿಗದೇ ಇರಬಹುದು. ದೂರದಿಂದ ಯಾರೋ ಕಟ್ಟಡ ಒಡೆದ ಮಣ್ಣು ಇಟ್ಟಿಗೆ ತಂದು ಸುರಿದು ಹೋಗುತ್ತಿರಬಹುದು. ಒಂದೊಂದಕ್ಕೂ ಮದ್ದು ಬೇರೆ. ಪೊರಕೆ ಹಿಡಿದು ನಿಂತರೆ ಇವು ಯಾವುವೂ ಕಾಣುವುದಿಲ್ಲ.

ಹಾಗಾಗಿ ನಿಮ್ಮ ಹಾಳೆಯಲ್ಲಿ ಏನು ಬರೆಯಬೇಕು ಅಂದರೆ, ಮೂಟೆಗಳ ಸಂಖ್ಯೆ ಅಲ್ಲ. ಯಾವ ಮೂಲೆಯಲ್ಲಿ ಎಂಥ ಕಸ ಸಿಕ್ಕಿತು ಅನ್ನುವುದು. ಅಡುಗೆಮನೆ ಕಸವಾ, ಅಂಗಡಿ ಪೆಟ್ಟಿಗೆಗಳಾ, ಲೋಟ ತಟ್ಟೆಗಳಾ, ಕಟ್ಟಡದ ಅವಶೇಷವಾ? ಚೀಲ ಗಂಟು ಹಾಕಿತ್ತಾ, ಸುರಿದು ಹೋಗಿದ್ದರಾ? ಗಂಟು ಹಾಕಿದ ಚೀಲ ಜಾಸ್ತಿ ಸಿಕ್ಕರೆ, ಆ ಜನ ಗಾಡಿಗೆ ಕೊಡಲು ಸಿದ್ಧರಿದ್ದರು, ಗಾಡಿ ಸಿಗಲಿಲ್ಲ ಅಂತ ಊಹಿಸಬಹುದು. ಹಾಗಿದ್ದರೆ ಸೋಮವಾರ ಆಡಳಿತದ ಕಚೇರಿಗೆ ಹೋಗಿ ಗಾಡಿಯ ಹೊತ್ತು ಬದಲಿಸಿ ಅಂತ ಕೇಳಿ. "ಊರು ಗಲೀಜಾಗಿದೆ" ಅನ್ನುವ ದೂರಿಗೆ ಅವರು ತಲೆಯಾಡಿಸಿ ಸುಮ್ಮನಾಗಬಹುದು. ಜಾಗ, ಹೊತ್ತು, ಕಸದ ಬಗೆ ಮೂರನ್ನೂ ಬರೆದ ಹಾಳೆಗೆ ಉತ್ತರ ಕೊಡಲೇಬೇಕಾಗುತ್ತದೆ. ತೆರಿಗೆ ಕಟ್ಟುವವರು ನಾವು ಅಂದಿರಲ್ಲ, ಆ ಹಕ್ಕನ್ನು ಚಲಾಯಿಸುವ ದಾರಿ ಇದು. ಮನೆಯಲ್ಲಿ ಕೂತರೆ ಆ ಹಾಳೆ ತುಂಬುವುದಿಲ್ಲ.

ಇಷ್ಟೆಲ್ಲ ಗೊತ್ತಿರುವವರು ಒಬ್ಬರು ಆಗಲೇ ಇದ್ದಾರೆ: ಆ ಬೀದಿಯ ಪೌರಕಾರ್ಮಿಕರು. ಯಾವ ಮೂಲೆಗೆ ಯಾವಾಗ, ಏನು ಬೀಳುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಶ್ರಮದಾನದ ದಿನ ನಾವು ಮಾಡುವುದೇನು? ಅವರ ರಜೆ ಕಿತ್ತುಕೊಂಡು, ನಾವು ತುಂಬಿದ ಮೂಟೆ ಹೊರಲು ಅವರನ್ನೇ ಕರೆಸುತ್ತೇವೆ. ಅದರ ಬದಲು ಒಂದು ದಿನ ಮುಂಚೆ ಅವರ ಕೆಲಸದ ಹೊತ್ತಿನಲ್ಲೇ ಹೋಗಿ ಕೂತು ಮಾತಾಡಿ. ಎಲ್ಲಿ ಶುರು ಮಾಡಬೇಕು ಅನ್ನುವುದನ್ನು ಅವರೇ ಹೇಳಲಿ.

ಒಮ್ಮೆ ಸ್ವಚ್ಛ ಮಾಡಿದರೆ ಏನೂ ಉಪಯೋಗವಿಲ್ಲ ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ಊರಿನಲ್ಲಿ ಸಂಶೋಧಕರು ಒಂದು ಪರೀಕ್ಷೆ ಮಾಡಿದ್ದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಸೈಕಲ್ ನಿಲ್ಲಿಸುವ ಓಣಿಯೊಂದರಲ್ಲಿ ಪ್ರತಿ ಸೈಕಲ್ ಹ್ಯಾಂಡಲ್‌ಗೆ ಒಂದು ಕರಪತ್ರ ಸಿಕ್ಕಿಸಿದರು. ಹತ್ತಿರ ಕಸದ ಬುಟ್ಟಿ ಇರಲಿಲ್ಲ. ಓಣಿಯ ಗೋಡೆ ಚೊಕ್ಕಟವಾಗಿದ್ದಾಗ ನೂರಕ್ಕೆ 33 ಜನ ಕರಪತ್ರವನ್ನು ಅಲ್ಲೇ ಬಿಸಾಡಿದರು. ಅದೇ ಗೋಡೆಗೆ ಗೀಚಿ ಗಲೀಜು ಮಾಡಿದ ಮೇಲೆ 69 ಜನ ಬಿಸಾಡಿದರು. ಜನ ಅದೇ ಊರಿನವರು, ಓಣಿ ಅದೇ. ಸುತ್ತಲಿನ ನೋಟ ಕೈಯನ್ನು ತಡೆಯುತ್ತದೆ, ಇಲ್ಲವೇ ಬಿಡುತ್ತದೆ. ಆದರೆ ಚೊಕ್ಕಟ ಗೋಡೆಯ ಮುಂದೆಯೂ 33 ಜನ ಎಸೆದರು ಅನ್ನುವುದನ್ನೂ ಮರೆಯಬೇಡಿ. ನೋಟ ಬದಲಾದರೆ ಎಸೆತ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಹಾಗೇ ಬಿಟ್ಟರೆ ಆ ಮೂರನೇ ಒಂದು ಪಾಲು ಮತ್ತೆ ಗುಡ್ಡೆ ಹಾಕುತ್ತದೆ. ನಿಮ್ಮ ಹದಿನೈದು ದಿನದ ಲೆಕ್ಕ ಇಲ್ಲಿಂದಲೇ ಬರುವುದು.

ಈಗ ಅಂದ ಹೆಚ್ಚಿಸುವ ಮಾತು. ಗೋಡೆ ಚಿತ್ರ, ಹೂಕುಂಡ, ಬಣ್ಣದ ಕಲ್ಲು. ನನಗೆ ಇದರ ಬಗ್ಗೆ ಸ್ವಲ್ಪ ಅನುಮಾನವೇ. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಹೆಚ್ಚು ನಂಬುವುದು ಅಮೆರಿಕದ ಫಿಲಡೆಲ್ಫಿಯಾ ನಗರದ ಅಧ್ಯಯನವನ್ನು. ಅಲ್ಲಿ ಪಾಳುಬಿದ್ದ 541 ಖಾಲಿ ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಬೆಳೆಸಿ, ಕೆಲವು ಗಿಡ ನೆಟ್ಟು, ಗಿಡ್ಡ ಮರದ ಬೇಲಿ ಹಾಕಿದರು. ಆಮೇಲೂ ನಿಯಮಿತವಾಗಿ ಬಂದು ಹುಲ್ಲು ಕತ್ತರಿಸಿದರು. ಎರಡನೆಯದರಲ್ಲಿ ಬರೀ ಕಸ ತೆಗೆದರು. ಮೂರನೆಯದನ್ನು ಹಾಗೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶದಲ್ಲಿ, ಹಸಿರು ಮಾಡಿದ ಜಾಗಗಳ ಹತ್ತಿರ ಇದ್ದ ಜನರಲ್ಲಿ ಮನಸ್ಸು ಕುಗ್ಗಿದೆ ಎಂದು ಹೇಳುವವರು ಶೇ. 41.5ರಷ್ಟು ಕಡಿಮೆಯಾಗಿದ್ದರು. ಬಡವರ ಬೀದಿಗಳಲ್ಲಿ ಗುಂಡೇಟಿನ ಹಿಂಸೆ ಶೇ. 29ರಷ್ಟು ಇಳಿದಿತ್ತು. ಬರೀ ಕಸ ತೆಗೆದ ಜಾಗಗಳ ಸುತ್ತ ಜನರ ಮನಸ್ಸಿನ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಅಲ್ಲಿ ಮಾಡಿದ್ದರಲ್ಲಿ ಫೋಟೊಗೆ ಚೆಂದ ಕಾಣುವಂಥದ್ದು ಏನಿತ್ತು ಹೇಳಿ? ಹುಲ್ಲು, ಬೇಲಿ, ಅಷ್ಟೇ. ಆ ಗಿಡ್ಡ ಬೇಲಿ ಲಾರಿ ನುಗ್ಗಿ ಕಸ ಸುರಿಯದಂತೆ ತಡೆಯುತ್ತದೆ, ನಡೆದು ಬರುವವರನ್ನು ತಡೆಯುವುದಿಲ್ಲ. ಈ ಜಾಗವನ್ನು ನೋಡಿಕೊಳ್ಳುವವರು ಇದ್ದಾರೆ ಅಂತ ಕತ್ತರಿಸಿದ ಹುಲ್ಲು ಹೇಳುತ್ತದೆ. ನಮ್ಮ ಕಡೆಯ ಉತ್ಸಾಹಿಗಳು ಗೋಡೆಯ ಮೇಲೆ ನವಿಲು ಬರೆಯುತ್ತಾರೆ, ಅದರ ಬುಡದಲ್ಲಿ ಕಸ ಬೀಳುವ ಕಾರಣ ಹಾಗೇ ಇರುತ್ತದೆ. ಹಳೆ ಕಲ್ಲಿನ ಗೋಡೆಗೆ ದಪ್ಪ ಪೇಂಟ್ ಬಳಿಯುವುದಂತೂ ಕೇಡು. ತೇವ ಒಳಗೇ ಸಿಕ್ಕಿಕೊಂಡು ಕಲ್ಲಿನ ಮೇಲ್ಮೈಯೇ ಚಕ್ಕೆ ಏಳುತ್ತದೆ. ಮರದ ಬುಡಕ್ಕೆ ಕಾಂಕ್ರೀಟ್ ಕಟ್ಟೆ ಕಟ್ಟಿ ಬಣ್ಣ ಹಚ್ಚುವವರಿಗೂ ಒಂದು ಮಾತು: ಆ ಮರಕ್ಕೆ ನೀರು ಇಳಿಯಲು ಮಣ್ಣು ಬೇಕು, ಬಣ್ಣ ಬೇಡ. ಗಿಡ ನೆಡುವುದಾದರೆ, ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಅಂತ ಹೆಸರು ಬರೆದ ಮೇಲೆ ಗುಂಡಿ ತೋಡಿ. ಹೆಸರಿಲ್ಲದಿದ್ದರೆ ನೆಡಬೇಡಿ.

ವರ್ಷಕ್ಕೊಮ್ಮೆ ಸಾಕಾ ಅನ್ನುವ ಪ್ರಶ್ನೆಗೆ ಆಫ್ರಿಕಾದ ರುವಾಂಡ ದೇಶ ಒಂದು ಉತ್ತರ ಕೊಟ್ಟಿದೆ. ಅಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಉಮುಗಾಂಡ, ಅಂದರೆ ಎಲ್ಲರೂ ಸೇರಿ ಮಾಡುವ ಊರ ಕೆಲಸ. 18ರಿಂದ 65 ವಯಸ್ಸಿನವರು ಬರಲೇಬೇಕು, ಕಾನೂನೇ ಇದೆ. ದಂಡದ ಭಯದಿಂದ ಬಂದವರನ್ನು ಸ್ವಯಂಸೇವಕರು ಅನ್ನಲು ನನಗೆ ಮನಸ್ಸಿಲ್ಲ. ಆದರೆ ಅವರ ಒಂದು ರೂಢಿ ಹಿಡಿಸಿತು. ಕೆಲಸ ಮುಗಿದ ಮೇಲೆ ನೆರೆಹೊರೆಯವರು ಅಲ್ಲೇ ಕೂತು ಸಭೆ ಮಾಡುತ್ತಾರೆ. ಬೀದಿಯ ಸಮಸ್ಯೆ ಏನು, ಮುಂದಿನ ತಿಂಗಳು ಏನು ಮಾಡಬೇಕು ಅಂತ ಮಾತಾಡುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ಗ್ರೂಪ್ ಫೋಟೊ ಆಗಿ, ಎಲ್ಲರೂ ಮನೆಗೆ ಹೊರಟಿರುತ್ತಾರೆ.

ಕಾನೂನಿನ ಬಲವಿಲ್ಲದೆಯೂ ನಡೆಸಬಹುದು. ಮುಂಬೈನ ವರ್ಸೋವಾ ಕಡಲ ತೀರದಲ್ಲಿ ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು ವಾರವಾರದ ಕೆಲಸ. ಜೊತೆಗಿದ್ದವರು ವಯಸ್ಸಾದ ನೆರೆಯವರೊಬ್ಬರು ಮಾತ್ರ. 2018ರ ಮಾರ್ಚ್‌ನಲ್ಲಿ ಅಲ್ಲಿ ಆಲಿವ್ ರಿಡ್ಲಿ ಕಡಲಾಮೆಯ ಮರಿಗಳು ಕಾಣಿಸಿಕೊಂಡವು. ಈ ಕಥೆ ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು, 2017ರ ನವೆಂಬರ್‌ನಲ್ಲಿ ಅವರು ಕೆಲಸ ನಿಲ್ಲಿಸುವುದಾಗಿ ಹೇಳಿದ್ದರು. ಒಂದು ಕಾರಣ, ಒಟ್ಟು ಮಾಡಿದ ಕಸ ಸಾಗಿಸದೆ ತೀರದಲ್ಲೇ ಉಳಿಯುತ್ತಿತ್ತು. ಆಮೇಲೆ ಮತ್ತೆ ಶುರುವಾಯಿತು. ಅಷ್ಟು ಹುರುಪಿನ ಗುಂಪನ್ನೂ ಬಾರದ ಲಾರಿ ನಿಲ್ಲಿಸಬಲ್ಲದು. ಹಾಗಾಗಿ ಆಯೋಜಕರನ್ನು ಇದನ್ನೂ ಕೇಳಿ: ಮೂಟೆ ಒಯ್ಯುವ ಗಾಡಿ ಎಷ್ಟು ಗಂಟೆಗೆ, ಅದು ಹೋಗುವುದೆಲ್ಲಿಗೆ? ಚರಂಡಿಯಿಂದ ತೆಗೆದ ಹೂಳನ್ನು ಅದರ ದಂಡೆಯಲ್ಲೇ ಬಿಟ್ಟರೆ ಮೊದಲ ಮಳೆಗೆ ಅದು ವಾಪಸ್ ಚರಂಡಿಗೆ. ಹಸಿ ಕಸ, ಒಣ ಕಸ ಒಂದೇ ಚೀಲಕ್ಕೆ ತುಂಬಿದರೆ, ಆಮೇಲೆ ಬೇರೆ ಮಾಡಬಹುದಾಗಿದ್ದ ಒಳ್ಳೆ ಪ್ಲಾಸ್ಟಿಕ್, ಕಾಗದ ಎಲ್ಲವೂ ಹಾಳು.

ಹೋಗುವುದಾದರೆ ಜೋಪಾನ. ತೆಳು ಪ್ಲಾಸ್ಟಿಕ್ ಗ್ಲೌಸ್ ಗಾಜಿನ ಚೂರಿಗೂ ಸೂಜಿಗೂ ತಡೆಯಲ್ಲ, ದಪ್ಪದ್ದು ಬೇಕು. ಮೂಟೆಯನ್ನು ಕೈಯಿಂದ ಕಾಲಿನಿಂದ ಒತ್ತಬೇಡಿ. ಸಿರಿಂಜ್ ಕಂಡರೆ ಇಕ್ಕಳದಲ್ಲಿ ಹಿಡಿದು ಗಟ್ಟಿ ಡಬ್ಬಿಗೆ ಹಾಕಿ, ಚೀಲಕ್ಕಲ್ಲ. ಮ್ಯಾನ್‌ಹೋಲ್ ಮುಚ್ಚಳ ಯಾರೂ ತೆರೆಯಬಾರದು. ಒಳಗಿನ ವಿಷಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಹುದು. ಗುಡಿಸಿದ ಎಲೆಗೆ ಬೆಂಕಿ ಹಚ್ಚುವ ಉತ್ಸಾಹಿ ಪ್ರತಿ ಗುಂಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಅವರ ಕೈಗೆ ಬೇರೆ ಕೆಲಸ ಕೊಡಿ.

ಮಗಳ ಅಂಕದ ವಿಷಯ ಉಳಿಯಿತು. ಅಂಕಕ್ಕಾಗಿ ಮಾಡಿದ್ದು ಸೇವೆಯಾ ಅನ್ನುವ ಜಗಳ ಶಾಲೆಯ ಜೊತೆ ಆಡಬಹುದು, ಆಡಿ ಗೆಲ್ಲುವುದು ಕಷ್ಟ. ಅವಳನ್ನು ಕರೆದುಕೊಂಡು ಹೋಗಿ. ಚರಂಡಿ, ಗಾಜು, ಸೂಜಿ ಇರುವ ಕಡೆ ಮಕ್ಕಳು ಬೇಡ. ಪೆನ್ನು ಹಾಳೆ ಅವಳ ಕೈಯಲ್ಲಿರಲಿ. ನೀವು ಎತ್ತಿ ಕೂಗಿ, ಅವಳು ಬರೆಯಲಿ. ಸೋಮವಾರದ ಅರ್ಜಿಗೆ ಆ ಹಾಳೆಯನ್ನೇ ಲಗತ್ತಿಸಿ. ಒಂದು ಪ್ರತಿ ನಮಗೂ ಕಳಿಸಿದರೆ, ಕಚೇರಿಯಿಂದ ಬಂದ ಉತ್ತರದ ಜೊತೆಗೇ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಬರೆಯುತ್ತೇವೆ.