ಕಿಡ್ನಿ ಕಸಿ ಆಯ್ತು, ಇನ್ನು ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗ್ತಿದೆ. ಕಿಡ್ನಿ ಕೊಡೋಣ ಅಂದರೆ ನನ್ನ ಬ್ಲಡ್ ಗ್ರೂಪ್ ಹೊಂದುವುದಿಲ್ಲ. 62 ವರ್ಷದ ನಮ್ಮತ್ತೆ ತಾವೇ ಕೊಡುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ತೊಂದರೆ ಆಗಲ್ವಾ? ಆಪರೇಷನ್ ಆದರೆ ಇವರು ಮೊದಲಿನ ಹಾಗೆ ಆಗುತ್ತಾರಾ?
– ಓದುಗರು, ದಾವಣಗೆರೆ

ಉತ್ತರ: ಬರೀ ವಯಸ್ಸು ನೋಡಿ ಬೇಡ ಅನ್ನುವುದಿಲ್ಲ. ನಿಮ್ಮತ್ತೆಗೆ ಸಕ್ಕರೆ ಕಾಯಿಲೆ ಇರಬಾರದು, ಬಿಪಿ, ಹೃದಯ ಚೆನ್ನಾಗಿರಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರಬಾರದು. ಎಲ್ಲ ಸರಿ ಇದ್ದರೆ ಉಳಿದ ಒಂದು ಕಿಡ್ನಿ ಕೆಲಸ ನಿಭಾಯಿಸುತ್ತದೆ. ಆಮೇಲೆ ಅವರೂ ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದಲ್ಲಿನ ಕಸ, ಇದು ಏರಿದರೆ ಕಿಡ್ನಿ ಸೋಲುತ್ತಿದೆ ಅಂತ) ನೋಡಿಸಿಕೊಳ್ಳುತ್ತಿರಬೇಕು.

ಒಂದು ಮಾತು. ಡಾಕ್ಟರ ಹತ್ತಿರ ಅತ್ತೆಯವರು ಒಬ್ಬರೇ ಕೂತು ಮಾತಾಡಲಿ, ಮಗ ಸೊಸೆ ಯಾರೂ ಜೊತೆಗೆ ಬೇಡ. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಜಾಸ್ತಿ ಜನ ಹೆಂಗಸರೇ. ತಾಯಿ, ಇಲ್ಲವೇ ಹೆಂಡತಿ. ಎಲ್ಲರೂ ಖುಷಿಯಿಂದಲೇ ಹೂಂ ಅಂದಿರುತ್ತಾರೆ ಅಂತ ನಾನು ನಂಬುವುದಿಲ್ಲ. ಅವರಿಗೆ ಒಳಗೊಳಗೇ ಮನಸ್ಸಿಲ್ಲದಿದ್ದರೆ, ‘ಇವರ ಕಿಡ್ನಿ ತಗೊಳ್ಳೋಕೆ ಆಗಲ್ಲ’ ಅಂತಷ್ಟೇ ಮನೆಯವರಿಗೆ ಹೇಳಿ ಸುಮ್ಮನಾಗುತ್ತೇವೆ.

ನಿಮ್ಮ ದಾರಿಯೂ ಮುಚ್ಚಿಲ್ಲ. ನಿಮ್ಮ ಹಾಗೇ ಹೊಂದಾಣಿಕೆ ಆಗದ ಇನ್ನೊಂದು ಜೋಡಿ ಸಿಕ್ಕರೆ, ನಿಮ್ಮ ಕಿಡ್ನಿ ಅವರಿಗೆ, ಅವರದು ನಿಮ್ಮ ಯಜಮಾನರಿಗೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ಈ ಅದಲುಬದಲಿಗೆ ಅವಕಾಶ ಕೊಟ್ಟಿದೆ. ಅದೂ ಆಗದಿದ್ದರೆ ತೀರಿಕೊಂಡವರ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ಬರೆಸಿ ಕಾಯಬೇಕು.

ಇನ್ನು ಮೊದಲಿನ ಹಾಗೆ ಆಗುವ ಮಾತು. ಡಯಾಲಿಸಿಸ್‌ಗಿಂತ ಎಷ್ಟೋ ಆರಾಮಾಗಿರುತ್ತಾರೆ, ನಿಜ. ಹೊಸ ಕಿಡ್ನಿಯನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತೇವೆ, ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಬದುಕಿರುವವರು ಕೊಟ್ಟ ಕಿಡ್ನಿ ಎಷ್ಟೋ ಸಲ ಆಪರೇಷನ್ ಟೇಬಲ್ ಮೇಲೇ ಮೂತ್ರ ಹರಿಸಲು ಶುರು ಮಾಡುತ್ತದೆ. ನೀರನ್ನು ಅಳೆದು ಅಳೆದು ಕುಡಿದವರಿಗೆ ಈಗ ದಿನಕ್ಕೆ ಎರಡು ಮೂರು ಲೀಟರ್ ಕುಡಿಯಿರಿ ಅನ್ನುತ್ತೇವೆ. ಕೆಲವರಿಗೆ ಲೋಟ ಬಾಯಿಗಿಡಲೇ ಭಯ! ಎಳನೀರು, ಬಾಳೆಹಣ್ಣಿನ ವಿಷಯ ಮಾತ್ರ ಕೇಳಿಕೊಂಡು ಶುರು ಮಾಡಿ. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಸಿಯ ಮಾತ್ರೆಯೂ (ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವುದು) ರಕ್ತದಲ್ಲಿ ಅದನ್ನು ಏರಿಸಬಹುದು. ಮೊದಲ ಮೂರು ತಿಂಗಳು ಮದುವೆಮನೆ, ಜಾತ್ರೆ, ತುಂಬಿದ ಬಸ್ಸು ಬೇಡ. ರಸ್ತೆ ಬದಿ ಹೆಚ್ಚಿಟ್ಟ ಹಣ್ಣು, ಪಾನಿಪುರಿ ಯಾವತ್ತೂ ಬೇಡ. ಮಾತ್ರೆಗಳಂತೂ ಆ ಕಿಡ್ನಿ ಇರುವಷ್ಟು ದಿನ ಇದ್ದೇ ಇರುತ್ತವೆ.

ಪ್ರಶ್ನೆ: ಕಸಿಯಾಗಿ ಎಂಟು ತಿಂಗಳಾಯ್ತು. ಕ್ರಿಯಾಟಿನಿನ್ 1.2, ಆರಾಮಾಗಿದ್ದೇನೆ. ಆದರೆ ಮುಖ ಊದಿದೆ, ಕೈ ನಡುಗುತ್ತೆ, ಮಾತ್ರೆ ಖರ್ಚೂ ಜಾಸ್ತಿ. ಒಂದು ಹೊತ್ತಿನದು ಬಿಡಬಹುದಾ? ಶಕ್ತಿ ಬರಲಿ ಅಂತ ಅಕ್ಕ ಅಮೃತಬಳ್ಳಿ ಕಷಾಯ ಮಾಡಿಕೊಡುತ್ತಿದ್ದಾಳೆ, ಕುಡಿಯಬಹುದಾ?
– ಓದುಗರು, ಹಾಸನ

ಉತ್ತರ: ಎರಡೂ ಬೇಡ. ಕ್ರಿಯಾಟಿನಿನ್ 1.2 ಇರುವುದೇ ಆ ಮಾತ್ರೆಗಳಿಂದ. ಎಷ್ಟು ವರ್ಷ ಕಳೆದರೂ ನಿಮ್ಮ ದೇಹಕ್ಕೆ ಆ ಕಿಡ್ನಿ ಹೊರಗಿನದೇ. ಮಾತ್ರೆ ತಪ್ಪಿದರೆ ಅದರ ಮೇಲೆ ದಾಳಿ ಶುರುವಾಗುತ್ತದೆ. ಕಸಿಯಲ್ಲಿ ನರಗಳನ್ನು ಜೋಡಿಸುವುದಿಲ್ಲ, ಹಾಗಾಗಿ ಎಷ್ಟೋ ಸಲ ನೋವೇ ಗೊತ್ತಾಗಲ್ಲ. ಕ್ರಿಯಾಟಿನಿನ್ ಏರಿತು ಅನ್ನುವಷ್ಟರಲ್ಲಿ ಒಂದಷ್ಟು ಹಾನಿ ಆಗಿ ಹೋಗಿರುತ್ತದೆ.

ಕೈ ನಡುಕ ಹೆಚ್ಚಾಗಿ ಟ್ಯಾಕ್ರೊಲಿಮಸ್‌ನಿಂದ, ಮುಖ ಊದುವುದು ಪ್ರೆಡ್ನಿಸೊಲೋನ್‌ನಿಂದ, ಎರಡೂ ಕಸಿಯ ಮಾತ್ರೆಗಳೇ. ರಕ್ತದಲ್ಲಿ ಟ್ಯಾಕ್ರೊಲಿಮಸ್ ಎಷ್ಟಿದೆ ನೋಡಿ ಡೋಸ್ ಹೊಂದಿಸಬಹುದು, ಆದರೆ ಅದು ನಿಮ್ಮ ಡಾಕ್ಟರ ಕೆಲಸ. ಈ ಟೆಸ್ಟ್‌ನಲ್ಲಿ ತುಂಬಾ ಜನ ಎಡವುತ್ತಾರೆ. ಬೆಳಿಗ್ಗೆ ಮನೆಯಲ್ಲೇ ಮಾತ್ರೆ ನುಂಗಿ ಬರುತ್ತಾರೆ, ರಿಪೋರ್ಟ್ ಉಪಯೋಗಕ್ಕೆ ಬರುವುದಿಲ್ಲ. ಆ ದಿನ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೋಗಿ. ರಾತ್ರಿಯ ಮಾತ್ರೆ ತಗೊಂಡು ಸುಮಾರು 12 ಗಂಟೆ ಆದಾಗ ರಕ್ತ ಕೊಡಿ, ಆಮೇಲೆ ನುಂಗಿ. ಮೆಡಿಕಲ್ ಶಾಪಿನವರು ಬೇರೆ ಕಂಪನಿಯದು ಕೊಟ್ಟರೆ ಡಾಕ್ಟರಿಗೆ ತಿಳಿಸದೆ ಬದಲಾಯಿಸಬೇಡಿ.

ಅಮೃತಬಳ್ಳಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಬಳ್ಳಿ. ನಾವು ಅದೇ ಶಕ್ತಿಯನ್ನು ತಗ್ಗಿಸಲು ಮಾತ್ರೆ ಕೊಡುತ್ತಿದ್ದೇವೆ ಅಲ್ವಾ? ಅಕ್ಕನ ಪ್ರೀತಿಯ ಬಗ್ಗೆ ದೂರಿಲ್ಲ, ಕಷಾಯ ಬೇಡ ಅಷ್ಟೇ. ಚಕ್ಕೋತವೂ ಬೇಡ, ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಏರಿಸಬಹುದು. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ನುಂಗಬೇಡಿ. ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ತೂಕ ಏಕಾಏಕಿ ಏರಿದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.

ಖರ್ಚಿನ ಬಗ್ಗೆ ಸಂಕೋಚ ಬೇಡ. ಸುಮ್ನೆ ಮಾತ್ರೆ ಬಿಡುವ ಬದಲು ಬಾಯಿಬಿಟ್ಟು ಹೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ನೆರವು ಸಿಗುತ್ತದಾ ಅಂತ ನಿಮ್ಮ ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಿ.

ಪ್ರಶ್ನೆ: ಕಿಡ್ನಿ ಕಸಿಯಾದ ನನಗೆ 27 ವರ್ಷ. ಮಗು ಮಾಡಿಕೊಳ್ಳಬಹುದಾ?
– ಓದುಗರು, ಮಂಡ್ಯ

ಉತ್ತರ: ಬಹುದು. ಕಸಿಯಾಗಿ ಕಡಿಮೆ ಅಂದರೂ ಒಂದು ವರ್ಷ ಕಳೆದಿರಬೇಕು, ಕಿಡ್ನಿ ಚೆನ್ನಾಗಿರಬೇಕು, ಬಿಪಿ ಹತೋಟಿಯಲ್ಲಿರಬೇಕು. ಕಸಿಯ ಮಾತ್ರೆಗಳಲ್ಲಿ ಮೈಕೊಫಿನೋಲೇಟ್ ತಗೊಳ್ಳುತ್ತಿದ್ದರೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಗರ್ಭ ಧರಿಸುವ ಆರು ವಾರ ಮುಂಚೆಯೇ ಡಾಕ್ಟರು ಅದನ್ನು ನಿಲ್ಲಿಸಿ, ಸಾಮಾನ್ಯವಾಗಿ ಅದರ ಬದಲು ಅಜಾಥಯೊಪ್ರಿನ್ ಕೊಡುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಅಲ್ಲಿಯವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ಮುಂದಿನ ತಪಾಸಣೆಗೆ ಯಜಮಾನರನ್ನೂ ಕರೆದುಕೊಂಡು ಹೋಗಿ.